ಒಂಬತ್ತು ಅಮ್ಮಂದಿರನ್ನು ಗಡಿ ದಾಟಿಸಿದ್ದು

ಒಂದು ಬೆಳಿಗ್ಗೆ ಆಫೀಸಿನ ಮೆಟ್ಟಿಲ ಬುಡದಲ್ಲಿ ಸೈಕಲ್ ಗಂಟೆಯ ಸದ್ದು ಕೇಳಿತು. ಬಾರಿಸುವವರು ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿದರೇ ಹೊರತು ಯಾರೂ ಏಳಲಿಲ್ಲ. ನಾನು ಜೂನಿಯರ್ ಇಂಜಿನಿಯರ್ ಅಂತ ಹಡಗಲಿಯ ಪುರಸಭೆಗೆ ಬಂದು ಇನ್ನೂ ಕುರ್ಚಿ ಬಿಸಿಯಾಗಿರಲಿಲ್ಲ. ಹೊಸಬರಿಗೆ ಇರುವ ಉತ್ಸಾಹದಲ್ಲಿ ಎದ್ದು ಹೊರಗೆ ಹೋದೆ.

ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕೂತಿದ್ದಳು. ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು. ಕೂಸಾಗಿದ್ದಾಗಲೇ ಪೋಲಿಯೊ ಬಂದು ಎರಡೂ ಕಾಲು ಸೋತಿದ್ದವು. ಬಸ್‌ಸ್ಟ್ಯಾಂಡಿನ ಹತ್ತಿರ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದ ಅವಳನ್ನು ಆಮೇಲೆ ನಾನು ಹೊಲಿಗೆ ಅಕ್ಕ ಎಂದೇ ಕರೆದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ.

“ನೀವಾ ಇಂಜಿನಿಯರ್ರು? ನನಗ ಒಳಗ ಬರಾಕ ಆಗಂಗಿಲ್ಲ, ಅದಕ್ಕ ನಿಮ್ಮನ್ನ ಹೊರಗ ಕರಸೀನಿ. ತಪ್ಪು ತಿಳ್ಕಾಬ್ಯಾಡ್ರಿ,” ಅಂದಳು. ತಪ್ಪು ತಿಳಿದುಕೊಂಡರೂ ಅವಳಿಗೇನೂ ಆಗಬೇಕಾಗಿಲ್ಲ ಎನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು. “ನಮ್ಮ ಓಣ್ಯಾಗ ಬೇವಿನ ಗಿಡದ ಬೇರು ಎದ್ದಾವು, ಚರಂಡಿ ಕಲ್ಲು ಮುರದಾವು. ಮಳಿ ಬಂತಂದ್ರ ಗಾಡಿ ಹೊರಗ ತೆಗಿಯಾಕ ಆಗಂಗಿಲ್ಲ. ನನ್ನ ತಮ್ಮ ಬಿಡುವಿದ್ದಾಗ ಬೈಕಿನ ಹಿಂದ ಎತ್ತಿ ಹಾಕ್ಕೊಂಡು ಅಂಗಡಿಗಿ ಬಿಟ್ಟು ಬರ್ತಾನ. ನಾನೇನು ಜ್ವಾಳದ ಚೀಲ ಏನ್ರಿ?”

ಆ ಓಣಿಗೆ ರಸ್ತೆ, ಚರಂಡಿ, ಫುಟ್‌ಪಾತ್ ಮಾಡಲು ಅನುದಾನ ಬಂದಿತ್ತು. ಮಾರ್ಚ್ ಒಳಗೆ ಕೆಲಸ ಹಿಡಿಯದಿದ್ದರೆ ಅದು ಬೇರೆ ವಾರ್ಡಿಗೆ ಹೋಗುವುದೂ ಖಾತ್ರಿಯಿತ್ತು. ನಾನು ಆ ದಿನವೇ ಟೇಪು, ಲೆವೆಲ್ ನೋಡುವ ಯಂತ್ರ ಹೊರಿಸಿಕೊಂಡು ಹೋದೆ.

ಓಣಿ ತೆಂಕಣದಿಂದ ಬಡಗಣಕ್ಕೆ ನೇರ ಇತ್ತು. ಮೂಡಣ ಸಾಲಿನ ಮನೆಗಳ ಮುಂದೆ ಒಂಬತ್ತು ಬೇವಿನ ಮರ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹೊಲಿಗೆ ಅಕ್ಕನ ಬಾಗಿಲ ಎದುರಿಗೆ. ಪಡುವಣ ಸಾಲಿನ ಮನೆಗಳಿಗೆ ಮರವಿಲ್ಲ, ಆದರೆ ಪ್ರತಿ ಮನೆಗೂ ಕಲ್ಲಿನ ಕಟ್ಟೆ. ಬೆಳಗಿನ ಹೊತ್ತು ಬೇವಿನ ನೆರಳು ರಸ್ತೆ ದಾಟಿ ಆ ಕಟ್ಟೆಗಳ ಮೇಲೆ ಬೀಳುತ್ತಿತ್ತು. ಅಲ್ಲಿ ಕೂತು ಹೆಂಗಸರು ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದರು. ಹೊತ್ತೇರಿ ನೆರಳು ಹಿಂದೆ ಸರಿದರೆ ಬುಟ್ಟಿ ಎತ್ತಿಕೊಂಡು ಮರದ ಬುಡಕ್ಕೆ ಬರುತ್ತಿದ್ದರು. ಮೊಗ್ಗಿಗೆ ಬಿಸಿಲು ತಾಗಿದರೆ ಗಿರಾಕಿಯ ಕೈ ಸೇರುವ ಮೊದಲೇ ಬಾಡುತ್ತದೆ. ಅವರೆಲ್ಲರಿಗೆ ಹಿರಿಯಳು ಪಡುವಣ ಸಾಲಿನ ಒಬ್ಬ ಅಜ್ಜಿ. ಮದುವೆಯಾಗಿ ಬಂದಾಗಿನಿಂದ ಅದೇ ಕಟ್ಟೆಯ ಮೇಲೆ ಹೂ ಕಟ್ಟಿದವಳು. ಮೊದಲ ದಿನವೇ ನನ್ನ ಜಡೆ ನೋಡಿ, “ಏನವ್ವಾ, ಹಡಗಲಿಗಿ ಬಂದು ಬರೇ ತಲ್ಯಾಗ ಅಡ್ಡಾಡ್ತಿಯಲ್ಲ,” ಅಂತ ಒಂದು ಮೊಳ ಮುಡಿಸಿಯೇ ಬಿಟ್ಟಳು. ಆಮೇಲೆ ಆ ಓಣಿಗೆ ಹೋದ ದಿನವೆಲ್ಲ ನಾನು ಹೂ ಮುಡಿದು, ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡು ಆಫೀಸಿಗೆ ಮರಳುತ್ತಿದ್ದೆ. ಈಗ ನಾನಿರುವುದು ಕೂಡ್ಲಿಗಿಯಲ್ಲಿ. ಇಲ್ಲಿ ಕೆಲಸ ಚೆನ್ನಾಗಿದೆ, ಜನ ಒಳ್ಳೆಯವರು, ಆದರೆ ಇಂಜಿನಿಯರಿಗೆ ಯಾರೂ ಹೂ ಮುಡಿಸುವುದಿಲ್ಲ.

ನಮ್ಮ ಮಾಮೂಲಿ ನಕ್ಷೆ ಹೀಗೆ: ನಡುವೆ ಕಾಂಕ್ರೀಟ್ ರಸ್ತೆ, ಎರಡೂ ಬದಿ ಚರಂಡಿ, ಚರಂಡಿಯ ಮೇಲೆ ಕಲ್ಲು ಮುಚ್ಚಿ ಅದೇ ಫುಟ್‌ಪಾತ್. ಕಾಗದದ ಮೇಲೆ ಬಲು ಚೆಂದ. ನೆಲದ ಮೇಲೆ ಸುಣ್ಣದ ಗೆರೆ ಎಳೆದಾಗ ಮೂಡಣದ ಚರಂಡಿ ಒಂಬತ್ತು ಮರಗಳ ನಟ್ಟನಡುವೆ ಹಾಯಿತು. ಸುಣ್ಣ ಹಾಕುವವನು ಮರದ ಕಾಂಡ ಬಂದ ಕಡೆಯೆಲ್ಲ ತಲೆಯೆತ್ತಿ ನನ್ನ ಮುಖ ನೋಡಿ ಆಚೆಯಿಂದ ಗೆರೆ ಮುಂದುವರಿಸುತ್ತಿದ್ದ. ಹೂ ಕಟ್ಟುವವರು ಬುಟ್ಟಿ ಕೆಳಗಿಟ್ಟು ನೋಡತೊಡಗಿದರು.

“ಗಿಡ ಕಡೀತೀರೇನು?” ಅಜ್ಜಿ ಕೇಳಿದಳು.

“ಇನ್ನೂ ಏನೂ ತೀರ್ಮಾನ ಆಗಿಲ್ಲವ್ವ. ಅರಣ್ಯ ಇಲಾಖೆ ಒಪ್ಪಬೇಕು,” ಅಂದೆ.

“ಕಡೀರಿ,” ಹೊಲಿಗೆ ಅಕ್ಕ ಬಾಗಿಲೊಳಗಿಂದ ಅಂದಳು. “ನನ್ನ ಮನಿ ಮುಂದಿಂದು ಮೊದಲು ಕಡೀರಿ. ಯಾರ ಏನ ಅನ್ಲಿ.”

ಅಜ್ಜಿ ಅವಳ ಕಡೆ ಒಂದು ನೋಟ ಬೀರಿದಳು. ಆ ಮೇಲೆ ಅವರಿಬ್ಬರೂ ಮಾತು ಬಿಟ್ಟರು ಅಂತ ನನಗೆ ತಿಳಿದದ್ದು ಹಲವು ದಿನಗಳ ನಂತರ.

ಮುಂದಿನ ಮಂಗಳವಾರ ಗುತ್ತಿಗೆದಾರ ಜೆಸಿಬಿ ಕಳಿಸಿದ. ಮಣ್ಣು ಕೆರೆಯುವುದಷ್ಟೇ ಆ ದಿನದ ಕೆಲಸ. ನಾನು ಹೋಗುವಷ್ಟರಲ್ಲಿ ಯಂತ್ರ ಓಣಿಯ ಬಾಯಲ್ಲಿ ನಿಂತಿತ್ತು, ಅದರ ಆಪರೇಟರ್ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದ. ಒಂಬತ್ತೂ ಮರಗಳ ಕಾಂಡಕ್ಕೆ ಎದೆಮಟ್ಟ ಅರಿಶಿನ, ಅದರ ಮೇಲೆ ಕುಂಕುಮ, ಕೊಂಬೆಗೆ ಹಸಿರು ಬಳೆ, ಬುಡದಲ್ಲಿ ಒಂದೊಂದು ಗುಂಡುಕಲ್ಲು, ಅದರ ಮುಂದೆ ಒಡೆದ ತೆಂಗಿನಕಾಯಿ. ಪೂಜೆಯ ಮರಕ್ಕೆ ಕೊಡಲಿ ಹಾಕುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ ಎನ್ನುವುದು ಓಣಿಯ ಲೆಕ್ಕಾಚಾರ.

“ಅಮ್ಮ ಕನಸಿನ್ಯಾಗ ಬಂದಿದ್ಳು,” ಅಜ್ಜಿ ನನ್ನ ಮುಖ ನೋಡದೆ ಹೇಳಿದಳು. “ಒಂಬತ್ತು ಮಂದಿ ಅಕ್ಕತಂಗೇರು. ಇಲ್ಲೇ ಇರ್ತೀವಿ ಅಂದ್ರು.”

ಒಬ್ಬರಲ್ಲ ಇಬ್ಬರಲ್ಲ, ಒಂಬತ್ತು ಮಂದಿ ಒಂದೇ ಕನಸಿನಲ್ಲಿ ಹೇಗೆ ಹಿಡಿಸಿದರು ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಆಪರೇಟರ್ ಯಂತ್ರ ತಿರುಗಿಸಿಕೊಂಡು ಹೋದ. ಗುತ್ತಿಗೆದಾರ ಅದನ್ನು ಹರಪನಹಳ್ಳಿ ಕಡೆ ಬೇರೆ ಕೆಲಸಕ್ಕೆ ಹಚ್ಚಿದ. “ಮೇಡಮ್ಮಾರ, ದೇವ್ರು ಎದ್ದು ಹೋದ ಮ್ಯಾಲೆ ಫೋನ್ ಮಾಡ್ರಿ,” ಅಂದ.

ಮರ ಉಳಿಯಿತು ಅಂತ ಓಣಿಗೆ ಓಣಿಯೇ ಬೀಗಿತು. ನಾಲ್ಕು ದಿನಕ್ಕೆ ಅವರಿಗೆ ತಾವು ಮಾಡಿಕೊಂಡದ್ದೇನು ಎನ್ನುವುದು ಗೊತ್ತಾಗತೊಡಗಿತು. ಅಮ್ಮ ಕೂತ ಮೇಲೆ ಅಲ್ಲಿ ಚಪ್ಪಲಿ ಹಾಕಿ ತಿರುಗುವಂತಿಲ್ಲ. ಕಾಂಡಕ್ಕೆ ಬೆನ್ನು ಕೊಟ್ಟು ಕೂರುವಂತಿಲ್ಲ. ಎಲೆಅಡಿಕೆ ಉಗುಳುವಂತಿಲ್ಲ. ಹೆಂಗಸರು ತಿಂಗಳ ಮೂರು ದಿನ ಆ ಬದಿ ಹಾಯುವಂತಿಲ್ಲ. ಮನೆಯ ಬಚ್ಚಲ ನೀರು ಅಮ್ಮನ ಕಾಲಿಗೆ ಹರಿಯುವಂತಿಲ್ಲ. ಹೊತ್ತೇರಿದ ಮೇಲೆ ಹೂವಿನವರಿಗೆ ಹೋಗಲು ಜಾಗವೇ ಇಲ್ಲದೆ ಕಟ್ಟೆಯ ಬಿಸಿಲಿನಲ್ಲೇ ಕೂತರು. ಮೊಗ್ಗು ಬುಟ್ಟಿಯಲ್ಲೇ ಕಂದಿದವು.

ಇದೆಲ್ಲಕ್ಕಿಂತ ಕೆಟ್ಟದ್ದು ಆದದ್ದು ಹೊಲಿಗೆ ಅಕ್ಕನಿಗೆ. ದೊಡ್ಡ ಮರ ದೊಡ್ಡ ಅಮ್ಮನಾಯಿತು, ದೊಡ್ಡ ಅಮ್ಮನಿಗೆ ಸಿಮೆಂಟಿನ ಕಟ್ಟೆ ಬೇಕಾಯಿತು. ಅವಳ ಗಾಡಿ ಗೋಡೆಗೂ ಬೇರುಗಳಿಗೂ ನಡುವಿನ ಸಂದಿಯಲ್ಲಿ ಹೇಗೋ ನುಸುಳಿಕೊಂಡು ರಸ್ತೆ ಸೇರುತ್ತಿತ್ತು. ಕಟ್ಟೆ ಕಟ್ಟಿದವರು ಆ ಸಂದಿಯನ್ನೂ ಸೇರಿಸಿಯೇ ಕಟ್ಟಿದ್ದರು. ಬೇಕೆಂದು ಮಾಡಿದರೋ, ಭಕ್ತಿಯ ಭರದಲ್ಲಿ ಮರೆತರೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಹೋದಾಗ ಅವಳು ಹೊಸ್ತಿಲ ಒಳಗೆ ಗಾಡಿಯಲ್ಲಿ ಕೂತಿದ್ದಳು.

“ಮಳಿಗಾಲದಾಗ ಅಷ್ಟ ಮನ್ಯಾಗಿರ್ತಿದ್ದೆ. ಈಗ ವರ್ಸೆಲ್ಲಾ ಇರು ಅಂತ ದೇವ್ರ ಬಂದು ಬಾಗ್ಲಾಗ ಕುಂತಾಳ,” ಅಂದಳು. ದನಿ ಏರಿರಲಿಲ್ಲ. “ತಮ್ಮಗ ದಿನಾ ಎತ್ತಿ ಒಯ್ಯಾಕ ಆಗಂಗಿಲ್ಲ. ಅಂಗಡಿ ಮಾಲಕರು ಬಾಡಿಗಿ ಇಲ್ದ ಎಷ್ಟು ದಿನ ತಡೀತಾರ ಮೇಡಂ? ಬ್ಯಾರೆಯಾರಿಗೆ ಕೊಟ್ಟ್ರ ನನಗ ಬಸ್‌ಸ್ಟ್ಯಾಂಡ್ ಹತ್ರ ಇನ್ನೊಂದು ಸಿಗಂಗಿಲ್ಲ. ಹೊಲಿಗಿ ಮಿಷನ್ ಇಲ್ಲೇ ತಂದಿಟ್ಟ್ರ ಯಾರು ಬರ್ತಾರ?”

ಈ ಓಣಿಗೆ ನಾನು ಕಾಲಿಟ್ಟದ್ದೇ ಅವಳು ಗಂಟೆ ಬಾರಿಸಿದ್ದರಿಂದ, ಈಗ ಅವಳೇ ಒಳಗೆ ಉಳಿದಿದ್ದಳು.

ಆಫೀಸಿಗೆ ಬಂದು ಮುಖ್ಯಾಧಿಕಾರಿಗಳಿಗೆ ಹೇಳಿದೆ. ಅವರು ಸಜ್ಜನರು, ನಿವೃತ್ತಿ ಹತ್ತಿರದವರು. “ಹಣ ಬೇರೆ ಓಣಿಗೆ ಹಾಕೋಣ ಬಿಡ್ರಿ. ದೇವ್ರ ಸಹವಾಸ ಯಾಕ?” ಅಂದರು. ಒಂದು ವಾರ ಟೈಮ್ ಕೊಡಿ ಅಂತ ಕೇಳಿಕೊಂಡೆ. ಕೊಟ್ಟರು.

ಆ ವಾರ ನಕ್ಷೆಯನ್ನು ಬುಡದಿಂದ ಹೊಸದಾಗಿ ಹಾಕಿದೆ. ಲೆವೆಲ್ ಓದಿದ ಅಂಕಿಗಳನ್ನು ಮತ್ತೆ ನೋಡಿದಾಗ ಪಡುವಣ ಬದಿ ನಾಲ್ಕು ಬೆರಳು ತಗ್ಗಿತ್ತು. ಹಾಗಾದರೆ ಎರಡು ಬದಿ ಚರಂಡಿ ಯಾಕೆ ಬೇಕು? ರಸ್ತೆಯ ನಡುವಿನ ಉಬ್ಬು ತೆಗೆದು ಇಡೀ ರಸ್ತೆಯನ್ನು ಪಡುವಣಕ್ಕೆ ವಾಲಿಸಿದರೆ ಮಳೆನೀರು ತಾನಾಗಿ ಆ ಕಡೆ ಹೋಗುತ್ತದೆ. ಮೂಡಣ ಮನೆಗಳ ಬಚ್ಚಲ ನೀರನ್ನು ರಸ್ತೆಯ ಅಡಿಯಲ್ಲಿ ಪೈಪ್ ಹಾಕಿ ಅಲ್ಲಿಗೇ ದಾಟಿಸಬಹುದು. ಮೂಡಣದಲ್ಲಿ ಅಗೆಯುವುದೇ ಬೇಡ. ಅಲ್ಲಿ ಫುಟ್‌ಪಾತನ್ನು ಬೇರುಗಳ ಮೇಲೆ ಮರಳು ಏರಿಸಿ, ಸಿಮೆಂಟ್ ಹಾಕದೆ ಬ್ಲಾಕ್ ಜೋಡಿಸಿದರೆ ನೀರೂ ಇಂಗುತ್ತದೆ, ಬೇರೂ ಉಸಿರಾಡುತ್ತದೆ. ಹೊಲಿಗೆ ಅಕ್ಕನ ಮರದ ಹತ್ತಿರ ಮಾತ್ರ ಫುಟ್‌ಪಾತ್ ಕಾಂಡದ ಹೊರಗಿನಿಂದ ಸುತ್ತಿ ಬರಬೇಕು, ರಸ್ತೆ ಅಲ್ಲಿ ಸ್ವಲ್ಪ ಕಿರಿದಾಗಬೇಕು.

ಎಲ್ಲ ಸರಿ. ಆದರೆ ಇದಕ್ಕೆ ಮೊದಲು ಬೇರು ಎಷ್ಟು ಆಳದಲ್ಲಿವೆ ಅಂತ ಕೈಯಿಂದ ಗುಂಡಿ ತೆಗೆದು ನೋಡಬೇಕಿತ್ತು, ಸಿಮೆಂಟ್ ಕಟ್ಟೆ ಒಡೆಯಬೇಕಿತ್ತು. ಅಮ್ಮನ ಕಾಲ ಬುಡದಲ್ಲಿ ಹಾರೆ ಹಾಕುವವರು ಯಾರು? ಕಡಿಯುವುದಕ್ಕೆ ಅಡ್ಡ ಬಂದ ಅರಿಶಿನ ಉಳಿಸುವುದಕ್ಕೂ ಅಡ್ಡ ನಿಂತಿತ್ತು.

ಆಗ ನನಗೆ ತಂಬ್ರಹಳ್ಳಿಯ ನಮ್ಮಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಅವಳು ಸಣ್ಣವಳಿದ್ದಾಗ ಊರಿಗೆ ಸಿಡುಬು ಬಂದರೆ ಅಮ್ಮ ಬಂದಿದ್ದಾಳೆ ಅಂತ ಪೂಜೆ ಮಾಡಿ, ಮೊರದಲ್ಲಿ ಬಳೆ, ರವಿಕೆಯ ಕಣ, ಎಡೆ ಇಟ್ಟು, ಮೆರವಣಿಗೆಯಲ್ಲಿ ಊರ ಗಡಿಗೆ ಒಯ್ದು ಬಿಟ್ಟು ಬರುತ್ತಿದ್ದರಂತೆ. ಬಿಟ್ಟವರು ತಿರುಗಿ ನೋಡಬಾರದು. ಪಕ್ಕದ ಊರವರು ಆ ಮೊರ ಎತ್ತಿಕೊಂಡು ತಮ್ಮ ಗಡಿ ದಾಟಿಸುತ್ತಿದ್ದರಂತೆ. ಸಣ್ಣವಳಿದ್ದಾಗ ಇದನ್ನು ಕೇಳಿ, ಅಮ್ಮನಿಗೆ ಊರೂರು ಸುತ್ತಿ ಕಾಲು ನೋಯುವುದಿಲ್ಲವೇ ಅಂತ ಕೇಳಿ ಬೈಸಿಕೊಂಡಿದ್ದೆ.

ಮರುದಿನ ಹೋಗಿ ಹೂವಿನಜ್ಜಿಯ ಕಟ್ಟೆಯ ಮೇಲೆ ಕೂತೆ. ಬಿಸಿಲಿತ್ತು. ನಾನೂ ಒಂದು ಹಿಡಿ ಮೊಗ್ಗು ತೆಗೆದುಕೊಂಡೆ. ನನ್ನ ಗಂಟು ಒಂದೂ ನಿಲ್ಲಲಿಲ್ಲ.

“ಅವ್ವಾ, ಅಮ್ಮನ್ನ ಕರಸೀರಿ. ಕಳಸೋದೂ ಗೊತ್ತಿರಬೇಕಲ್ಲ ನಿಮಗ?” ಅಂದೆ.

ಅಜ್ಜಿ ದಾರ ಹಲ್ಲಿನಲ್ಲಿ ಕಚ್ಚಿ ಹರಿದಳು. “ಗೊತ್ತೈತಿ. ನಮ್ಮತ್ತಿ ಕಾಲದಾಗ ನಾನ ಮೊರ ಹೊತ್ತೀನಿ.” ಕಂದಿದ ಮೊಗ್ಗೊಂದನ್ನು ಆಯ್ದು ಬಿಸಾಕಿ, “ನಮಗೂ ಸಾಕಾಗೈತಿ ಯವ್ವಾ. ಹೂ ಎಲ್ಲಾ ಬಾಡಾಕ ಹತ್ಯಾವು. ಆದ್ರ ಇವತ್ತು ಅಮ್ಮನ್ನ ಕಳಿಸ್ತೀವಿ, ನಾಳಿ ಗರಗಸ ಬಂದ್ರ ನಾ ಯಾರ ಮಕ ನೋಡ್ಲಿ?” ಅಂದಳು.

ಹೊಸ ನಕ್ಷೆಗೆ ಆಗ ಯಾರ ಸಹಿಯೂ ಇರಲಿಲ್ಲ. ಬರದಿದ್ದರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ನಾನು ನಕ್ಷೆಯನ್ನು ಕಟ್ಟೆಯ ಮೇಲೆ ಹಾಸಿ, ಒಂದೊಂದು ಗೆರೆ ಬೆರಳಿಟ್ಟು ತೋರಿಸಿದೆ. ಕೊನೆಗೆ ಹೇಳಲೇಬೇಕಾದ್ದನ್ನೂ ಹೇಳಿದೆ: ಓಣಿಯ ನೀರೆಲ್ಲ ಹೊರುವ ದೊಡ್ಡ ಚರಂಡಿ ಪಡುವಣಕ್ಕೆ ಬಂದರೆ ಈ ಸಾಲಿನ ಕಟ್ಟೆಗಳು ಹೋಗಬೇಕು. ಅಜ್ಜಿಯ ಕಟ್ಟೆಯೂ.

ಅಜ್ಜಿ ಕಟ್ಟೆಯ ಕಲ್ಲನ್ನು ಅಂಗೈಯಿಂದ ಸವರಿದಳು. ಅಲ್ಲಿ ಕೂತು ಕೂತು ಕಲ್ಲು ನುಣುಪಾಗಿತ್ತು.

“ಗಿಡ ಒಂದೂ ಕಡಿಯಂಗಿಲ್ಲ?”

“ತುದೀಗಿರೋ ಟೊಳ್ಳು ಗಿಡ ಕರೆಂಟ್ ತಂತಿ ಮ್ಯಾಲೆ ವಾಲೈತಿ. ಅದು ಗಾಳಿಗಿ ಯಾರ ಮ್ಯಾಲಾರ ಬೀಳ್ತೈತಿ. ಅದೊಂದು ಬಿಡ್ರಿ. ಉಳಿದ ಎಂಟಕ್ಕ ನಾನು ನಿಂತ್ಕೋತೀನಿ. ಇಲ್ಲಾಂದ್ರ ಈ ಕೆಲಸಕ್ಕ ನಾನು ಸಹಿ ಹಾಕಂಗಿಲ್ಲ.”

“ಹಂಗಾರ ಮೊದಲು ನಂದ ಒಡೀರಿ,” ಅಂದಳು ಅಜ್ಜಿ. “ನಾನ ಸುಮ್ಮನಿದ್ದ ಮ್ಯಾಲೆ ಉಳಿದಾರು ಏನಂತಾರ ನೋಡೂಣು.”

ಆ ಕ್ಷಣ ನನಗೆ ಅವಳ ಕಾಲಿಗೆ ಬೀಳಬೇಕೆನಿಸಿತು. ಬಿದ್ದರೆ ಬೈಯುತ್ತಿದ್ದಳು, ಅದಕ್ಕೆ ನಕ್ಷೆ ಮಡಚಿಕೊಂಡು ಎದ್ದೆ.

ಶುಕ್ರವಾರ ಅಮ್ಮಂದಿರ ಬೀಳ್ಕೊಡುಗೆ. ಒಂಬತ್ತು ಮರದ ಗುಂಡುಕಲ್ಲು, ಬಳೆ, ಅರಿಶಿನ, ಬೇವಿನ ಸೊಪ್ಪು, ಮೊಸರನ್ನದ ಎಡೆ ಎಲ್ಲ ಒಂದು ದೊಡ್ಡ ಮೊರ ಸೇರಿದವು. ಹಸಿರು ಕಣ ಬೇಕು ಅಂದಾಗ ಹೊಲಿಗೆ ಅಕ್ಕ ಒಳಗಿನಿಂದ ತನ್ನದೇ ಒಂಬತ್ತು ತುಂಡು ಕಳಿಸಿದಳು. ಮೊರ ಯಾರು ಹೊರುವುದು ಎನ್ನುವ ಮಾತು ಬಂತು. ಅಜ್ಜಿಯ ಕತ್ತು ಆ ಭಾರ ತಡೆಯುವಂತಿರಲಿಲ್ಲ. ಅವಳು ನೇರ ಹೊಲಿಗೆ ಅಕ್ಕನ ಬಾಗಿಲಿಗೆ ಹೋಗಿ ನಿಂತಳು.

“ನಿನ್ನ ಬಾಗ್ಲಾಗ ಕುಂತಿದ್ಲು. ನೀನ ಕರಕೊಂಡು ಹೋಗಿ ಬಿಟ್ಟು ಬಾ,” ಅಂದಳು. ಎಷ್ಟೋ ದಿನಗಳ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು.

“ನನ್ನ ಹೊರಗ ಯಾರು ತರ್ತಾರ?”

“ನಾವು ಸತ್ತೀವೇನು?”

ಆರು ಮಂದಿ ಹೆಂಗಸರು ಗಾಡಿ ಸಮೇತ ಅವಳನ್ನು ಎತ್ತಿ ಕಟ್ಟೆ ದಾಟಿಸಿ ರಸ್ತೆಗೆ ಇಳಿಸಿದರು. ಮೊರ ಅವಳ ತೊಡೆಯ ಮೇಲೆ ಕೂತಿತು. ಮುಂದೆ ಹಲಗೆ ಬಾರಿಸುವವರು, ಹಿಂದೆ ಇಡೀ ಓಣಿ, ನಡುವೆ ಅವಳು ಕೈಯಿಂದ ಪೆಡಲ್ ತಿರುಗಿಸುತ್ತ ಹೋದಳು. ಊರ ಹೊರಗಿನ ಗಡಿಕಲ್ಲಿನ ಹತ್ತಿರ ಮೊರ ಇಳಿಸಿ ಎಲ್ಲರೂ ಕೈಮುಗಿದು ಮುಖ ತಿರುಗಿಸಿದರು. ಆಗ ಅಜ್ಜಿಗೆ ಗಾಡಿಯ ಹಿಡಿಕೆಗಿದ್ದ ಕನ್ನಡಿ ಕಂಡಿತು. ತಿರುಗಿ ನೋಡಬಾರದು ಅಂದಮೇಲೆ ಕನ್ನಡಿಯಲ್ಲೂ ನೋಡಬಾರದಲ್ಲ. ತನ್ನ ಎಲೆಅಡಿಕೆ ಚೀಲ ಬಿಚ್ಚಿ, ಅದೇ ಚೀಲವನ್ನು ಕನ್ನಡಿಗೆ ಸುತ್ತಿ ಕಟ್ಟಿದಳು. ಹೊಲಿಗೆ ಅಕ್ಕ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ಆ ಅಮ್ಮಂದಿರು ಎಷ್ಟು ಊರು ದಾಟಿ ಎಲ್ಲಿಗೆ ಮುಟ್ಟಿದರೋ ನನಗೆ ಗೊತ್ತಿಲ್ಲ.

ಮುಖ್ಯಾಧಿಕಾರಿಗಳು ಹೊಸ ನಕ್ಷೆಯನ್ನು ಎರಡು ಸಲ ತಿರುವಿದರು. “ಮಳಿ ನೀರು ಹಿಂದಕ್ಕ ಬಂದ್ರ ಉತ್ತರ ನೀವ ಕೊಡಬೇಕು,” ಅಂತ ಹೇಳಿ ಸಹಿ ಹಾಕಿ, ಮೇಲಿನ ಕಚೇರಿಗೂ ತಾವೇ ಹೋಗಿ ಒಪ್ಪಿಗೆ ತಂದರು. ಗುತ್ತಿಗೆದಾರ, “ಎಂಟು ಬೇವಿನ ಗಿಡಕ್ಕ ಇಷ್ಟು ಗಣಿತ ಮಾಡೀರಲ್ಲ ಮೇಡಮ್ಮಾರ,” ಅಂತ ಗೊಣಗುತ್ತಲೇ ಬಂದ. ಅಜ್ಜಿಯ ಕಟ್ಟೆ ಮೊದಲು ಹೋಯಿತು. ಅವಳು ಒಂದು ಕಲ್ಲನ್ನು ಮಾತ್ರ ಒಳಗೆ ಒಯ್ದಿಟ್ಟುಕೊಂಡಳು. ಉಳಿದವರು ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ತಾವೇ ಹಾರೆ ಹಿಡಿದರು. ಟೊಳ್ಳು ಮರಕ್ಕೆ ಅನುಮತಿ ಬಂದು, ಅದನ್ನು ಕಡಿದ ದಿನ ಅಜ್ಜಿ ಬಾಗಿಲು ತೆರೆಯಲಿಲ್ಲ. ನಾನೂ ಆ ಸದ್ದು ಕೇಳಲಾರದೆ ಬಸ್‌ಸ್ಟ್ಯಾಂಡಿಗೆ ಹೋಗಿ ಎರಡು ಸಲ ಚಹಾ ಕುಡಿದೆ.

ದೊಡ್ಡ ಬೇವಿನ ಸಿಮೆಂಟ್ ಕಟ್ಟೆ ಒಡೆಸಿ, ಬುಡದ ಮಣ್ಣನ್ನು ಕೈಯಿಂದಲೇ ತೆಗೆಸಿದೆವು. ಬೇರುಗಳು ಎರಡು ಬೆರಳು ಆಳದಲ್ಲೇ ಸಿಕ್ಕವು, ನನ್ನ ತೋಳಿನ ಗಾತ್ರದವು. ಅವುಗಳ ಮೇಲೆ ಮರಳು ಏರಿಸಿದಾಗ ಫುಟ್‌ಪಾತ್ ನಾನು ಅಂದುಕೊಂಡದ್ದಕ್ಕಿಂತ ಎತ್ತರವಾಯಿತು. ಅದರಿಂದ ಓಣಿಯ ಬಾಯಲ್ಲಿ ರಸ್ತೆಗಿಳಿಯುವ ಇಳಿಜಾರು ಕಡಿದಾಯಿತು. ಹೊಲಿಗೆ ಅಕ್ಕನನ್ನು ಅಲ್ಲಿಗೆ ಕರೆಸಿ ಹತ್ತಿ ನೋಡು ಅಂದೆ. ಅರ್ಧ ಹತ್ತಿದ ಗಾಡಿ ಹಿಂದಕ್ಕೆ ಜಾರಿತು. ನಾನು ಹಿಡಿಯಲು ಹೋದರೆ, “ಮುಟ್ಟಬ್ಯಾಡ್ರಿ,” ಅಂದಳು. ಇನ್ನೆರಡು ಸಲ ಏರಿ ಜಾರಿ, “ಇದು ಆಗಂಗಿಲ್ಲ. ನಾಳಿ ನನಗ ವಯಸ್ಸಾದ ಮ್ಯಾಲಂತೂ ಆಗಂಗ ಇಲ್ಲ,” ಅಂದಳು. ಗುತ್ತಿಗೆದಾರ ತಲೆಗೆ ಕೈಹೊತ್ತುಕೊಂಡ. ಜೋಡಿಸಿದ್ದ ಬ್ಲಾಕ್ ಎಲ್ಲ ತೆಗೆಸಿ, ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ ಇಳಿಜಾರನ್ನು ಪಕ್ಕದ ಮನೆಯ ಮುಂದಿನವರೆಗೂ ಎಳೆದೆವು. ಈ ಸಲ ಅವಳು ಒಂದೇ ಕೈಯಲ್ಲಿ ಹತ್ತಿ, ಇನ್ನೊಂದು ಕೈಯಿಂದ ಗಂಟೆ ಬಾರಿಸಿದಳು.

ಕೆಲಸ ಮುಗಿದ ಮೇಲಿನ ಮೊದಲ ದೊಡ್ಡ ಮಳೆ ಒಂದು ನಸುಕಿನಲ್ಲಿ ಬಂತು. ನನಗೆ ನಿದ್ದೆ ಎಲ್ಲಿಯದು? ಬೆಳಕಾಗುತ್ತಲೇ ಓಣಿಗೆ ಓಡಿದೆ. ನೀರು ಹೇಳಿದ ಮಾತು ಕೇಳಿದಂತೆ ಪಡುವಣಕ್ಕೆ ಸರಿದು ಚರಂಡಿ ಸೇರುತ್ತಿತ್ತು. ಎಂಟು ಮರದ ಬುಡದ ಮಣ್ಣು ನೀರು ಕುಡಿದು ಕಪ್ಪಾಗಿತ್ತು. ಮಳೆ ನಿಂತು ಬಿಸಿಲು ಚುರುಗುಟ್ಟತೊಡಗಿದಾಗ ಹೂವಿನವರು ಬುಟ್ಟಿ ಹಿಡಿದು ಬಂದರು. ಕಟ್ಟೆ ಹೋಗಿತ್ತಲ್ಲ, ಎಲ್ಲರೂ ದೊಡ್ಡ ಬೇವಿನ ಬುಡದ ಅಂಚಿಗೆ ಗೋಣಿಚೀಲ ಹಾಸಿ ಕೂತರು. ಅಜ್ಜಿ ನಡುವೆ.

ಹೊಲಿಗೆ ಅಕ್ಕ ಬಾಗಿಲಿನಿಂದ ಹೊರಟಳು. ಕೊರಳಲ್ಲಿ ಟೇಪು, ಬೆನ್ನ ಹಿಂದೆ ಹೊಲಿದ ರವಿಕೆಗಳ ಚೀಲ. ಗಾಡಿ ಹೊಸ್ತಿಲಿನಿಂದ ಇಳಿದು, ಫುಟ್‌ಪಾತ್ ಹತ್ತಿ, ಮರದ ಸುತ್ತ ಹೊರಳುವ ತಿರುವಿಗೆ ಬಂತು. ಮಳೆಗಾಲದ ಬೆಳಿಗ್ಗೆ, ಅವಳನ್ನು ಯಾರೂ ಎತ್ತಿರಲಿಲ್ಲ, ಯಾರೂ ತಳ್ಳುತ್ತಿರಲಿಲ್ಲ. ತಿರುವಿನ ನಡುವೆ ಅವಳು ಕೈ ನಿಲ್ಲಿಸಿದಳು. ಏನಾದರೂ ಸಿಕ್ಕಿಹಾಕಿಕೊಂಡಿತೋ ಅಂತ ಹತ್ತಿರ ಹೋದೆ. ಅವಳು ತಲೆ ಹಿಂದಕ್ಕೆ ಒಗೆದು ಮೇಲಿನ ಕೊಂಬೆ ನೋಡುತ್ತಿದ್ದಳು.

“ಹುಟ್ಟಿದಾಗಿಂದ ಈ ಗಿಡದ ಹಿಂದಿನ ಮನ್ಯಾಗ ಅದೀನಿ ಮೇಡಂ,” ಅಂದಳು. “ಎಲ್ಲಾರೂ ಇದರ ಬುಡಕ್ಕ ಕುಂತು ನಗೋದು ಒಳಗ ಕುಂತು ಕೇಳೀನಿ. ಗ್ವಾಡಿ ಸಂದ್ಯಾಗ ಹಾದು ಹೋಗೀನಿ, ಬುಡಕ್ಕ ಬಂದು ನಿಂತದ್ದು ಇವತ್ತ.”

ಕಡೀರಿ ಅಂತ ಅವಳು ಅಂದಾಗ ನಾವೆಲ್ಲ ಅವಳನ್ನು ಕಲ್ಲೆದೆಯವಳು ಅಂದುಕೊಂಡಿದ್ದೆವು. ನೆರಳೆಂದರೆ ಅವಳಿಗೆ ಬಾಗಿಲಾಚೆಯ ದನಿಗಳಷ್ಟೇ ಆಗಿತ್ತು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅವಳು ಗಾಡಿಯನ್ನು ಹೂವಿನವರ ಕಡೆ ಹೊರಳಿಸಿದಳು.

“ಸರೀರಿ ಸ್ವಲ್ಪ. ನನಗೂ ಜಾಗ ಬೇಕು.”

ಅಜ್ಜಿ ತನ್ನ ಗೋಣಿಚೀಲ ಎಳೆದುಕೊಂಡು ಸರಿದಳು. ಬುಟ್ಟಿಯನ್ನು ಗಾಡಿಗೆ ತಾಗಿಸಿ ಇಟ್ಟು, ದಾರದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ಆ ದಿನ ಹೊಲಿಗೆ ಅಕ್ಕ ಅಂಗಡಿ ಬಾಗಿಲು ತೆರೆದದ್ದು ಮಧ್ಯಾಹ್ನದ ಮೇಲೆ.